ಟಿಲ್ಟ್-ಶಿಫ್ಟ್ ಲೆನ್ಸ್ ಕೈಯಲ್ಲಿದೆ: ಆಟಿಕೆ ಊರು ಬಿಟ್ಟು ಇನ್ನೇನು ಮಾಡಬಹುದು?

ಕಪ್ಪುಪೆಟ್ಟಿಗೆ:

ನಮಸ್ಕಾರ. ಆರ್‌ಎಫ್ ಮೌಂಟಿನ (ಕ್ಯಾನನ್ ಮಿರರ್‌ಲೆಸ್‌ನ ಲೆನ್ಸ್ ಜೋಡಣೆ) ಫುಲ್ ಫ್ರೇಮ್ (36×24 ಮಿಮೀ ಸೆನ್ಸರ್) ಬಾಡಿ, ಅಡಾಪ್ಟರ್ ಹಾಕಿ ಕ್ಯಾನನ್ ಟಿಎಸ್-ಇ 24 ಮಿಮೀ ಎಫ್/3.5 ಎರಡನೇ ಆವೃತ್ತಿ, ಜೊತೆಗೆ ಹಳೇ ಟಿಎಸ್-ಇ 90 ಮಿಮೀ ಎಫ್/2.8. ಎರಡೂ ಬಾಡಿಗೆಯವು, ಇನ್ನು ನಾಲ್ಕು ದಿನ ಇರುತ್ತವೆ.

ಶ್ರವಣಬೆಳಗೊಳದ ವಿಂಧ್ಯಗಿರಿ ಮೇಲಿಂದ ಊರಿನ ಕಡೆ 24ರಲ್ಲಿ ತೆಗೆದ ಚಿತ್ರಗಳಿವೆ. ಟಿಲ್ಟ್ (ಲೆನ್ಸನ್ನು ಬಾಗಿಸುವುದು) ಪೂರ್ತಿ 8.5 ಡಿಗ್ರಿ, ಲೆನ್ಸಿನ ಮುಖ ಕೆಳಕ್ಕೆ, ಅಪರ್ಚರ್ (ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದದ್ದು. ಮೂರು ವಿಷಯ ಕೇಳಬೇಕು.

ಒಂದು, ಚಿತ್ರ ಆಟಿಕೆ ಊರಿನಂತೆ, ಅಂದರೆ ನಿಜವಾದ ಊರು ಪುಟ್ಟ ಮಾದರಿಯಂತೆ, ಕಾಣುತ್ತಿಲ್ಲ, ಫೋಕಸ್ ತಪ್ಪಿದ ಚಿತ್ರದಂತೆ ಕಾಣುತ್ತಿದೆ. ಎರಡು, ಸ್ಪಷ್ಟವಾಗಿರುವ ಪಟ್ಟಿಯನ್ನು ಫ್ರೇಮಿನ ಕೆಳಭಾಗಕ್ಕೆ ತರಬೇಕು ಅಂದರೆ ಫೋಕಸ್ ರಿಂಗ್ ಇನ್ಫಿನಿಟಿಯಲ್ಲಿ (ಅತಿ ದೂರದ ಗುರುತು) ತಡೆದು ನಿಲ್ಲುತ್ತದೆ, ಪಟ್ಟಿ ಮಧ್ಯದಿಂದ ಕೆಳಗೆ ಇಳಿಯುವುದೇ ಇಲ್ಲ. ಮೂರು, ಈ ಆಟಿಕೆ ಚಿತ್ರ ಬಿಟ್ಟರೆ ಸೃಜನಶೀಲವಾಗಿ ಮಾಡುವಂಥದ್ದು ಏನಿದೆ? ಕಟ್ಟಡದ ಗೆರೆ ನೆಟ್ಟಗೆ ಮಾಡುವುದು ಗೊತ್ತು, ಅದು ಬೇಡ.

ಓರೆಗಾಜು:

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಅದು ಸುಲಭ. ಟಿಲ್ಟ್ ತಿರುಗಿಸಿ ಹಾಕಿ. ಮುಖ ಕೆಳಕ್ಕಿದ್ದರೆ, ರಿಂಗನ್ನು ಇನ್ಫಿನಿಟಿಯಿಂದ ಹತ್ತಿರಕ್ಕೆ ತಿರುಗಿಸಿದಂತೆಲ್ಲ ದೂರದ ದೃಶ್ಯದ ಸ್ಪಷ್ಟ ಪಟ್ಟಿ ಮೇಲಕ್ಕೆ ಏರುತ್ತದೆ. ಕೆಳಗಿಳಿಸಬೇಕಾದರೆ ಇನ್ಫಿನಿಟಿ ದಾಟಿ ಹೋಗಬೇಕು, ರಿಂಗ್ ಅಷ್ಟು ದೂರ ಬಿಡುವುದಿಲ್ಲ. ಮುಖ ಮೇಲಕ್ಕಿದ್ದರೆ ಇದು ಉಲ್ಟಾ: ಹತ್ತಿರಕ್ಕೆ ತಿರುಗಿಸಿದಂತೆ ಪಟ್ಟಿ ಇಳಿಯುತ್ತದೆ. ಆಟಿಕೆ ಚಿತ್ರಕ್ಕೆ 'ಮುಖ ಮೇಲೆ ಮಾಡು' ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ದೃಶ್ಯ ನೂರಾರು ಮೀಟರ್ ದೂರವಿದ್ದಾಗ ಆ ಸಲಹೆಯ ಹಿಂದಿರುವ ಕಾರಣ ಇಷ್ಟೇ. ಮಸುಕಿನ ಪ್ರಮಾಣ ಎರಡೂ ದಿಕ್ಕಿಗೆ ಒಂದೇ.

ಲೆನ್ಸಿನ ಮೇಲಿನ ದೂರದ ಅಂಕಿ ನೋಡಬೇಡಿ. 24 ಮಿಮೀನಲ್ಲಿ 8.5 ಡಿಗ್ರಿ ಇಟ್ಟು ಪಟ್ಟಿಯನ್ನು ಮಧ್ಯದಿಂದ ಕಾಲು ಫ್ರೇಮ್ ಕೆಳಗಿಳಿಸಬೇಕಾದರೆ, ಅಂದರೆ ಸೆನ್ಸರ್ ಮೇಲೆ 6 ಮಿಮೀ, ಲೆನ್ಸ್ ಸುಮಾರು 0.9 ಮಿಮೀ ಮುಂದೆ ಬರಬೇಕು. ಆಗ ಊರು 300 ಮೀಟರ್ ದೂರದಲ್ಲಿದ್ದರೂ ಸ್ಕೇಲು ಮುಕ್ಕಾಲು ಮೀಟರಿನ ಆಸುಪಾಸು ತೋರಿಸುತ್ತದೆ. ಅದು ಸರಿಯಾಗಿಯೇ ಇದೆ. ಸ್ಕೇಲು ಬಿಟ್ಟು ಫೋಕಸ್ ಪೀಕಿಂಗ್ (ಸ್ಪಷ್ಟವಿರುವ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಸೌಲಭ್ಯ) ಹಾಕಿಕೊಳ್ಳಿ, ಬಣ್ಣದ ಪಟ್ಟಿ ಓಡಾಡುವುದು ಕಣ್ಣಿಗೇ ಕಾಣುತ್ತದೆ. ಕೊನೆಯ ತಿದ್ದುಪಡಿ ಮಾತ್ರ 10 ಪಟ್ಟು ಹಿಗ್ಗಿಸಿ ನೋಡಿ ಮಾಡಿ.

ಈಗ ಒಂದನೆಯದು. ದೂರದ ದೃಶ್ಯದಲ್ಲಿ ಫ್ರೇಮಿನ ಮೇಲಂಚು, ಕೆಳಅಂಚು ಎಷ್ಟು ಮಸುಕಾಗುತ್ತವೆ ಎಂಬುದಕ್ಕೆ ಫೋಕಲ್ ಲೆಂತ್ (ಲೆನ್ಸಿನ ಮಿಮೀ ಅಂಕಿ) ಲೆಕ್ಕಕ್ಕೇ ಬರುವುದಿಲ್ಲ. ಪಟ್ಟಿ ಮಧ್ಯದಲ್ಲಿದ್ದರೆ, ಟಿಲ್ಟ್ ಕೋನದ ಸೈನ್ ಬೆಲೆಯನ್ನು ಎಫ್ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ. ಅಂಚಿನಲ್ಲಿರುವ ಒಂದು ಬೆಳಕಿನ ಚುಕ್ಕೆ ಫ್ರೇಮಿನ ಎತ್ತರದ ಎಷ್ಟು ಪಾಲು ಹರಡುತ್ತದೆ ಎಂಬುದು ಬರುತ್ತದೆ. 24ರಲ್ಲಿ 8.5 ಡಿಗ್ರಿ, ಎಫ್/3.5ಕ್ಕೆ ಶೇ. 2.1. ನಿಮ್ಮ 90ರಲ್ಲಿ 8 ಡಿಗ್ರಿ, ಎಫ್/2.8ಕ್ಕೆ ಶೇ. 2.5. ಟಿಎಸ್-ಇ 17ರಲ್ಲಿ ಗರಿಷ್ಠ 6.5 ಡಿಗ್ರಿ, ಎಫ್/4, ಹಾಗಾಗಿ ಶೇ. 1.4 ಮಾತ್ರ. 24ನ್ನು ಎಫ್/8ಕ್ಕೆ ಮುಚ್ಚಿದರೆ ಶೇ. 0.9, ಅಲ್ಲಿಗೆ ಆಟಿಕೆ ಮಾಯ.

ಅಂದರೆ ನಿಮಗೆ ಮಸುಕು ಕಡಿಮೆಯಾಗಿಲ್ಲ, ದೃಶ್ಯದ ಆಯ್ಕೆ ತಪ್ಪಿದೆ. 24ರಲ್ಲಿ ದಿಗಂತ, ಆಕಾಶ ಎರಡೂ ಒಳಗೆ ಬಂದಿರುತ್ತವೆ. ಮೇಜಿನ ಮೇಲಿನ ಮಾದರಿಗೆ ದಿಗಂತ ಎಲ್ಲಿರುತ್ತದೆ? ಅದು ಕಂಡ ಕ್ಷಣವೇ ಕಣ್ಣು ಇದು ನಿಜವಾದ ಊರು ಅಂತ ತೀರ್ಮಾನಿಸಿಬಿಡುತ್ತದೆ. ಕ್ಯಾಮೆರಾ 30ರಿಂದ 45 ಡಿಗ್ರಿ ಕೆಳಕ್ಕೆ ಬಾಗಬೇಕು, ಫ್ರೇಮಿನ ಮೇಲಂಚಿನಲ್ಲೂ ನೆಲವೇ ಇರಬೇಕು. ಇನ್ನೊಂದು ತಪ್ಪು, ಎತ್ತರದ ವಸ್ತುವನ್ನು ಪಟ್ಟಿಗೆ ಅಡ್ಡ ಸಿಕ್ಕಿಸುವುದು. ನಿಜವಾದ ಪುಟ್ಟ ಮಾದರಿಯ ಚಿತ್ರದಲ್ಲಿ ಗೋಪುರದ ಬುಡ ಸ್ಪಷ್ಟವಾಗಿದ್ದರೆ ಕಳಶವೂ ಸ್ಪಷ್ಟವಾಗಿರುತ್ತದೆ, ಎರಡೂ ಹೆಚ್ಚುಕಡಿಮೆ ಒಂದೇ ದೂರದಲ್ಲಿರುವುದರಿಂದ. ಟಿಲ್ಟ್‌ನಲ್ಲಿ ಬುಡ ಚೂಪು, ಕಳಶ ಮಸುಕು. ಮೋಸ ಅಲ್ಲೇ ಬಯಲಾಗುತ್ತದೆ.

ಹಾಗಾಗಿ ಚಪ್ಪಟೆ ದೃಶ್ಯ ಹಿಡಿಯಿರಿ. ವಿಂಧ್ಯಗಿರಿಯಿಂದ ಎರಡು ಬೆಟ್ಟಗಳ ನಡುವಿನ ಕಲ್ಯಾಣಿ ಒಂದೇ ಸಾಕು. ಮುರುಡೇಶ್ವರದ ಗೋಪುರಕ್ಕೆ 18ನೇ ಮಹಡಿವರೆಗೆ ಲಿಫ್ಟ್ ಇದೆ, ಅಲ್ಲಿನ ಕಿಂಡಿಯಿಂದ ಮರಳಿನ ಮೇಲಿನ ದೋಣಿಗಳು ಸಿಗುತ್ತವೆ. ಎರಡು ಕಡೆಯೂ 90 ಒಳ್ಳೆಯದು. 24ರಲ್ಲಿ ತೆಗೆದದ್ದನ್ನೇ ಉಳಿಸಿಕೊಳ್ಳಬೇಕು ಅಂದರೆ ಪಟ್ಟಿಯನ್ನು ಮಧ್ಯದಲ್ಲಿಟ್ಟು ಕ್ರಾಪ್ ಮಾಡಿ, ಮೇಲೆ ಹೇಳಿದ ಶೇಕಡಾ ಹಾಗೇ ಉಳಿಯುತ್ತದೆ. ಅರ್ಧಕ್ಕೆ ಕ್ರಾಪ್ ಮಾಡಿದರೆ 24 ಮೆಗಾಪಿಕ್ಸೆಲ್ ಫೈಲಿನಲ್ಲಿ 6 ಉಳಿಯುತ್ತದೆ, 10 ಇಂಚು ಅಗಲದ ಪ್ರಿಂಟಿಗೆ ಧಾರಾಳ.

ಕೊನೆಗೊಂದು ಕಹಿ ಮಾತು. ದೃಶ್ಯ ಅಷ್ಟು ದೂರವಿದ್ದಾಗ ಮಸುಕು ಫ್ರೇಮಿನ ಎತ್ತರವನ್ನಷ್ಟೇ ಅನುಸರಿಸುತ್ತದೆ, ವಸ್ತುವಿನ ದೂರವನ್ನಲ್ಲ. ಎಡಿಟಿಂಗ್ ತಂತ್ರಾಂಶದ ಟಿಲ್ಟ್ ಬ್ಲರ್ ಮಾಡುವುದೂ ಅದನ್ನೇ. ವ್ಯತ್ಯಾಸ ಉಳಿಯುವುದು ಬೆಳಕಿನ ಚುಕ್ಕೆಗಳಲ್ಲಿ: ನೀರಿನ ಮಿನುಗು, ವಾಹನದ ದೀಪ ಲೆನ್ಸಿನಲ್ಲಿ ತುಂಬಿದ ಹೊಳೆಯುವ ಬಿಲ್ಲೆಗಳಾಗುತ್ತವೆ, ಜೆಪೆಗ್ ಮೇಲೆ ಹಾಕಿದ ಬ್ಲರ್‌ನಲ್ಲಿ ಬೂದು ಕಲೆಯಾಗುತ್ತವೆ. ಅಷ್ಟಕ್ಕೇ ನಾಲ್ಕು ದಿನದ ಬಾಡಿಗೆ ಕೊಡುವುದು ದಂಡ. ಈ ಲೆನ್ಸಿನ ಅಸಲು ಆಟ ಇರುವುದು ಎರಡು ಮೂರು ಮೀಟರ್ ಒಳಗೆ.

ಬೆಣೆ_ಮತ್ತು_ಕೀಲು:

ಓರೆಗಾಜು ಹೇಳಿದ ಕೊನೆಯ ಮಾತಿನಿಂದಲೇ ಮುಂದುವರಿಸುತ್ತೇನೆ.

ಹತ್ತಿರದ ಕೆಲಸಕ್ಕೆ ಟಿಲ್ಟನ್ನು 'ಮಸುಕು ಮಾಡುವ ಗುಂಡಿ' ಎಂದುಕೊಳ್ಳಬೇಡಿ. ಬಾಗಿಲು ಅಂದುಕೊಳ್ಳಿ. ಸ್ಪಷ್ಟವಾಗಿ ಕಾಣುವ ಸಮತಲವೇ ಬಾಗಿಲಿನ ಹಲಗೆ. ಅದಕ್ಕೊಂದು ಕೀಲಿದೆ, ಲೆನ್ಸನ್ನು ಕೆಳಕ್ಕೆ ಬಾಗಿಸಿದರೆ ಆ ಕೀಲು ಲೆನ್ಸಿನ ಕೆಳಗೆ, ಎಡಕ್ಕೆ ಬಾಗಿಸಿದರೆ ಎಡಕ್ಕೆ. ಕೀಲು ಎಷ್ಟು ದೂರದಲ್ಲಿ ಕೂರಬೇಕು ಎಂಬುದನ್ನು ಟಿಲ್ಟ್ ಕೋನ ನಿರ್ಧರಿಸುತ್ತದೆ, ಆ ಕೀಲಿನ ಮೇಲೆ ಹಲಗೆಯನ್ನು ತಿರುಗಿಸುವುದು ಫೋಕಸ್ ರಿಂಗ್. ಈ ಜ್ಯಾಮಿತಿಗೆ ಹೆಸರು ಬಂದದ್ದು ಶೈಂಪ್‌ಫ್ಲೂಗ್ ಎಂಬ ಆಸ್ಟ್ರಿಯಾದ ಸೇನಾಧಿಕಾರಿಯಿಂದ. ಆಕಾಶದಿಂದ ತೆಗೆದ ಚಿತ್ರಗಳ ಸೊಟ್ಟ ತಿದ್ದಲು ಅವನು 1904ರಲ್ಲಿ ಪೇಟೆಂಟ್ ಮಾಡಿದ. ಅವನಿಗಿಂತ ಮೊದಲೇ 1901ರಲ್ಲಿ ಫ್ರಾನ್ಸಿನ ಕಾರ್ಪೆಂತಿಯೆ ಇದನ್ನು ಬಳಸಿದ್ದ.

ಲೆಕ್ಕ ಬಾಯಲ್ಲೇ ಮಾಡಬಹುದು. ಲೆನ್ಸಿನಿಂದ ಕೀಲಿಗೆ ಎಷ್ಟು ಮೀಟರ್ ಅಂತ ಅಳೆದು 17.5ರಿಂದ ಗುಣಿಸಿ, ಬಂದದ್ದರಿಂದ ಫೋಕಲ್ ಲೆಂತ್‌ನ ಮಿಮೀ ಅಂಕಿಯನ್ನು ಭಾಗಿಸಿ. ಸಿಗುವುದು ಡಿಗ್ರಿ. 24 ಮಿಮೀ, ಕಣ್ಣಿನ ಮಟ್ಟದಲ್ಲಿ 1.5 ಮೀಟರ್ ಎತ್ತರ, ನೆಲ ಪೂರ್ತಿ ಸ್ಪಷ್ಟ ಬೇಕು: 0.9 ಡಿಗ್ರಿ. ಒಂದು ಡಿಗ್ರಿಯೂ ಇಲ್ಲ! ಮೊದಲ ಸಲ ಈ ಲೆನ್ಸ್ ಹಿಡಿದವರು 5 ಡಿಗ್ರಿ ಹಾಕಿ ಏನೂ ಸ್ಪಷ್ಟವಾಗುತ್ತಿಲ್ಲ ಎಂದು ಒದ್ದಾಡುವುದು ಇದಕ್ಕೇ. 5 ಡಿಗ್ರಿಯಲ್ಲಿ 24ರ ಕೀಲು ಲೆನ್ಸಿನಿಂದ ಬರೀ 27 ಸೆಂ.ಮೀ. ಕೆಳಗಿರುತ್ತದೆ, ನೆಲ ಎಲ್ಲೋ ಇರುತ್ತದೆ.

ಒಂದು ಪೂರ್ತಿ ಉದಾಹರಣೆ. ಬಾಳೆಎಲೆ ಊಟ, ತುದಿಯ ಉಪ್ಪಿನಿಂದ ಬುಡದ ಪಾಯಸದವರೆಗೆ ಎಲ್ಲ ಸ್ಪಷ್ಟವಾಗಿರಬೇಕು, ಮೇಲಿಂದ ನೇರ ತೆಗೆದದ್ದಾಗಿರಬಾರದು, ಉಣ್ಣಲು ಕೂತವರ ಕಣ್ಣಿನಿಂದ ಕಾಣುವಂತಿರಬೇಕು. 90 ಮಿಮೀ, ಲೆನ್ಸ್ ಎಲೆಯಿಂದ 70 ಸೆಂ.ಮೀ. ಮೇಲೆ, ಕ್ಯಾಮೆರಾ 30 ಡಿಗ್ರಿ ಕೆಳಕ್ಕೆ. ಇಲ್ಲಿ ಕೀಲಿನ ದೂರವನ್ನು ಲಂಬವಾಗಿ ಅಳೆಯಬಾರದು, ಕ್ಯಾಮೆರಾದ ಬೆನ್ನಿಗೆ ಸಮಾನಾಂತರವಾಗಿ ಅಳೆಯಬೇಕು. ಟೇಪನ್ನು ಬಾಡಿಯ ಬೆನ್ನಿನ ಓರೆಗೇ ಹಿಡಿದು ಎಲೆಯ ಮಟ್ಟದವರೆಗೆ ಬಿಟ್ಟರೆ 81 ಸೆಂ.ಮೀ. ಬರುತ್ತದೆ. 90ನ್ನು 14.2ರಿಂದ ಭಾಗಿಸಿ: 6.3. ಮುಖ ಕೆಳಕ್ಕೆ 6.3 ಡಿಗ್ರಿ ಇಟ್ಟು ಲಾಕ್ ಮಾಡಿ, ಎಲೆಯ ಆ ತುದಿಗೆ ಫೋಕಸ್ ಮಾಡಿ, ಈ ತುದಿ ನೋಡಿ. ಈ ತುದಿ ಮಸುಕಿದ್ದರೆ ಟಿಲ್ಟನ್ನು ಕಾಲು ಡಿಗ್ರಿ ಆಚೀಚೆ ಮಾಡಿ, ಮತ್ತೆ ಆ ತುದಿಗೆ ಫೋಕಸ್. ದೂರಕ್ಕೆ ಫೋಕಸ್, ಹತ್ತಿರಕ್ಕೆ ಟಿಲ್ಟ್: ಲೆಕ್ಕದಿಂದ ಶುರು ಮಾಡಿದರೆ ಎರಡು ಸುತ್ತಿನಲ್ಲಿ ಕೂರುತ್ತದೆ, ಅಂದಾಜಿನಿಂದಾದರೆ ಐದಾರು.

ಇಲ್ಲಿ ಕೆಡುವುದು ಅನ್ನದ ರಾಶಿ. ಟಿಲ್ಟ್ ಹಾಕಿದಾಗ ಸ್ಪಷ್ಟತೆಯ ಆಳ ಬೆಣೆಯ ಆಕಾರದಲ್ಲಿರುತ್ತದೆ, ಕೀಲಿನ ಹತ್ತಿರ ತೆಳು, ದೂರ ಹೋದಂತೆ ದಪ್ಪ. ಈ ಅಳತೆಗೆ ಎಫ್/5.6ರಲ್ಲಿ ಎಲೆಯಿಂದ ಮೇಲಕ್ಕೆ ಸಿಗುವುದು ಸುಮಾರು 2 ಸೆಂ.ಮೀ. ಅಷ್ಟೇ, ಎಫ್/11ರಲ್ಲಿ 4. ಅನ್ನದ ನೆತ್ತಿ, ಹಪ್ಪಳದ ಅಂಚು ಅದಕ್ಕಿಂತ ಎತ್ತರ. ಹಾಗಾಗಿ ಹಲಗೆಯನ್ನು ಎಲೆಯ ಮೇಲೆ ಮಲಗಿಸಬೇಡಿ, ಅನ್ನದ ಅರ್ಧ ಎತ್ತರದಲ್ಲಿ ತೇಲಿಸಿ, ಬೆಣೆ ಮೇಲೂ ಕೆಳಗೂ ಹಂಚಿಹೋಗುತ್ತದೆ. ಫೋಕಸ್ ಗುರುತಿಗೆ ಆ ಎತ್ತರದ ಎರಡು ಬೆಂಕಿಪೊಟ್ಟಣ ಎರಡೂ ತುದಿಗಿಟ್ಟು, ಚಿತ್ರಕ್ಕೆ ಮೊದಲು ತೆಗೆದರಾಯಿತು. ನಿಮ್ಮ 90ರಲ್ಲಿ ಗರಿಷ್ಠ 8 ಡಿಗ್ರಿ ಇರುವುದರಿಂದ ಕೀಲು 65 ಸೆಂ.ಮೀ.ಗಿಂತ ಹತ್ತಿರ ಬರುವುದಿಲ್ಲ. ಕ್ಯಾಮೆರಾವನ್ನು ಅದಕ್ಕಿಂತ ಕೆಳಗಿಳಿಸಿದರೆ ಎಲೆ ಪೂರ್ತಿ ಸಿಗಲಿಲ್ಲ ಅಂತ ಲೆನ್ಸನ್ನು ಬೈಯಬೇಡಿ.

ಅದೇ ಜಾಗದಿಂದ ಕದಲದೆ ಟಿಲ್ಟನ್ನು ಮೇಲಕ್ಕೆ ಹಾಕಿ, ಎಫ್/2.8 ಮಾಡಿ. ಈಗ ಹಲಗೆ ಎಲೆಯನ್ನು ಅಡ್ಡ ಕತ್ತರಿಸುತ್ತದೆ. ಒಂದೇ ಒಂದು ಸಾಲು, ಕೋಸಂಬರಿಯೋ ಪಲ್ಯವೋ, ಚೂಪಾಗಿ ಉಳಿದು ಮಿಕ್ಕೆಲ್ಲ ಕರಗುತ್ತದೆ. ದೂರದ ಊರಿನಲ್ಲಿ ಮಸುಕಿನ ಮಟ್ಟಿಗೆ ದಿಕ್ಕು ಲೆಕ್ಕಕ್ಕಿರಲಿಲ್ಲ, ಇಲ್ಲಿ ದಿಕ್ಕೇ ಎಲ್ಲ.

ನನ್ನ ಪ್ರಕಾರ ಇದಕ್ಕಿಂತ ಚೆಲುವಾದ ಪ್ರಯೋಗ ದೀಪದ ಸಾಲಿನದು. 90 ಮಿಮೀ, ಗೋಡೆ ಮೇಲೆ ಸಾಲಾಗಿಟ್ಟ ಹಣತೆಗಳು, ಕ್ಯಾಮೆರಾ ಸಾಲಿನ ಕಡೆಗೆ ಓರೆಯಾಗಿ ಅದರ ಉದ್ದಕ್ಕೂ ನೋಡುತ್ತಿದೆ, ಸಾಲು ಲೆನ್ಸಿನಿಂದ ಪಕ್ಕಕ್ಕೆ, ಬಾಡಿಯ ಬೆನ್ನಿನ ಓರೆಗೆ ಅಳೆದರೆ, ಒಂದು ಮೀಟರ್. ಲೆನ್ಸನ್ನು 90 ಡಿಗ್ರಿ ತಿರುಗಿಸಿ ಟಿಲ್ಟ್ ಅಡ್ಡಕ್ಕೆ ಬರುವಂತೆ ಮಾಡಿ, ಸಾಲಿನ ಕಡೆಗೇ 5.1 ಡಿಗ್ರಿ ಬಾಗಿಸಿ, ಎಫ್/2.8. ಮೊದಲ ಹಣತೆಯಿಂದ ಕೊನೆಯದರವರೆಗೆ ಪ್ರತಿ ಕುಡಿಯೂ ಚೂಪು, ಆದರೆ ಸಾಲಿನ ಹಿಂದೆ ಮುಂದೆ ಇರುವುದೆಲ್ಲ ದೊಡ್ಡ ದೊಡ್ಡ ಬಿಲ್ಲೆ. ಎರಡು ಮೀಟರಿನಲ್ಲಿ ಬೆಣೆ ಸಾಲಿನ ಈಚೆ ಆಚೆ 2 ಸೆಂ.ಮೀ., ಐದು ಮೀಟರಿನಲ್ಲಿ 5. ಹಣತೆಗಳನ್ನು ದಾರ ಹಿಡಿದು ನೆಟ್ಟಗೆ ಜೋಡಿಸಿ, ಸೊಟ್ಟ ಇಟ್ಟ ಹಣತೆ ಬೆಣೆಯಿಂದ ಹೊರಬೀಳುತ್ತದೆ. ಸಾಮಾನ್ಯ ಲೆನ್ಸಿನಲ್ಲಿ ಎಫ್/22ಕ್ಕೆ ಮುಚ್ಚಿದರೆ ಸಾಲು ಸಿಕ್ಕೀತು, ಹಿನ್ನೆಲೆಯ ಕರಗುವಿಕೆ ಹೋಯಿತು. ಎಡಿಟಿಂಗಿನಲ್ಲೂ ಇದು ಸುಲಭವಲ್ಲ.

ಕಪ್ಪುಪೆಟ್ಟಿಗೆ:

ಇಬ್ಬರಿಗೂ ವಂದನೆ. ಹಣತೆ ಸಾಲು ಇವತ್ತೇ ಮಾಡುತ್ತೇನೆ. ಶಿಫ್ಟ್‌ನಲ್ಲಿ, ಅಂದರೆ ಲೆನ್ಸನ್ನು ಬಾಗಿಸದೆ ಪಕ್ಕಕ್ಕೋ ಮೇಲಕ್ಕೋ ಸರಿಸುವುದರಲ್ಲಿ, ಪ್ರಯೋಗ ಅಂತ ಏನಾದರೂ ಇದೆಯೇ? ಮತ್ತೆ, ಬಾಡಿಗೆ ಮುಗಿದ ಮೇಲೆ ಕಡಿಮೆ ಖರ್ಚಿನಲ್ಲಿ ಟಿಲ್ಟ್ ಮುಂದುವರಿಸುವ ದಾರಿ?

ಮುಕ್ಕಾಲಿಪೀಠ:

ಶಿಫ್ಟ್ ಪ್ರಯೋಗ ಎರಡು.

ಕನ್ನಡಿ. ಕನ್ನಡಿಗೆ ನೇರ ಎದುರು ನಿಂತಂತೆ ಕಾಣಬೇಕು, ಕ್ಯಾಮೆರಾ ಅದರಲ್ಲಿ ಕಾಣಬಾರದು. 60 ಸೆಂ.ಮೀ. ಅಗಲದ ಕನ್ನಡಿ, 1.5 ಮೀಟರ್ ದೂರ, 24 ಮಿಮೀ. ಕ್ಯಾಮೆರಾವನ್ನು ಕನ್ನಡಿಯ ಮಧ್ಯದಿಂದ 45 ಸೆಂ.ಮೀ. ಪಕ್ಕಕ್ಕಿಡಿ, ಬೆನ್ನು ಕನ್ನಡಿಗೆ ಸಮಾನಾಂತರವಾಗಿರಲಿ, ಆಮೇಲೆ ಕನ್ನಡಿಯ ಕಡೆಗೆ 7.2 ಮಿಮೀ ಶಿಫ್ಟ್. ಕನ್ನಡಿ ಫ್ರೇಮಿನ ನಡುವೆ ಬರುತ್ತದೆ. ಕ್ಯಾಮೆರಾದ ಪ್ರತಿಬಿಂಬ ಬೀಳುವುದು ಅದರ ನೇರ ಎದುರಿಗೆ, ಅಂದರೆ ಕನ್ನಡಿಯ ಅಂಚಿಗಿಂತ 15 ಸೆಂ.ಮೀ. ಆಚೆ, ಅಲ್ಲಿ ಬರೀ ಗೋಡೆ. ಗೋಡೆಯಗಲ ಕನ್ನಡಿಗೆ ಇದು ನಡೆಯುವುದಿಲ್ಲ: ಅಡ್ಡ ಫ್ರೇಮಿನ ಅರ್ಧ 18 ಮಿಮೀ, ಶಿಫ್ಟ್ 12ಕ್ಕೇ ನಿಲ್ಲುತ್ತದೆ, ಕ್ಯಾಮೆರಾ ಅಂಚಿನಲ್ಲಿ ಉಳಿದೇ ಉಳಿಯುತ್ತದೆ. ಉದ್ದ ಫ್ರೇಮಿನಲ್ಲಿ ಹಿಡಿದು ಸ್ವಲ್ಪ ಕತ್ತರಿಸಿದರೆ ಬಚಾವ್.

ಎರಡನೆಯದು ಜೋಡಿಸಿದ ಚಿತ್ರ. ಎಡಕ್ಕೆ 12, ಮಧ್ಯ, ಬಲಕ್ಕೆ 12. ಮೂರು ಸೇರಿದರೆ 60 ಮಿಮೀ ಅಗಲ 24 ಎತ್ತರದ ಸೆನ್ಸರಿನಲ್ಲಿ ತೆಗೆದಂತೆ. ಕ್ಯಾಮೆರಾ ತಿರುಗದೆ ಇರುವುದರಿಂದ ಗೆರೆಗಳು ಬಾಗುವುದಿಲ್ಲ. ಆದರೆ ಶಿಫ್ಟ್ ಮಾಡಿದಾಗ ಸರಿಯುವುದು ಲೆನ್ಸ್, ಸೆನ್ಸರ್ ಅಲ್ಲ. ಮುಂದೆ ಕಂಬವೊಂದು ಹತ್ತಿರವಿದ್ದರೆ ಮೂರು ಚಿತ್ರದಲ್ಲಿ ಮೂರು ಜಾಗದಲ್ಲಿ ನಿಂತು ಜೋಡಣೆ ಒಡೆಯುತ್ತದೆ. ಟ್ರೈಪಾಡ್ ಮೇಲೆ ಚಿಕ್ಕ ರೈಲು ಹಾಕಿ, ಲೆನ್ಸ್ ಎಷ್ಟು ಮಿಮೀ ಬಲಕ್ಕೆ ಸರಿಯಿತೋ ಬಾಡಿಯನ್ನು ಅಷ್ಟೇ ಎಡಕ್ಕೆ ಸರಿಸಿ, ಲೆನ್ಸ್ ಇದ್ದಲ್ಲೇ ಇರುತ್ತದೆ. ಮ್ಯಾನುಯಲ್ ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಸ್ಥಿರ, ಎಫ್/8ರಿಂದ 11. ತುದಿಗಳು ಕಪ್ಪಾದರೆ 12ರ ಬದಲು 10.

ಇನ್ನೊಂದು, ನಿಮ್ಮ ಎರಡು ಲೆನ್ಸಿಗೂ ಇರುವ ವ್ಯತ್ಯಾಸ. 24ರ ಎರಡನೇ ಆವೃತ್ತಿಯಲ್ಲಿ ಚಿಕ್ಕ ಲಿವರ್ ಒತ್ತಿ ಟಿಲ್ಟ್, ಶಿಫ್ಟ್ ಎರಡನ್ನೂ ಒಂದೇ ದಿಕ್ಕಿಗೆ ತರಬಹುದು. ಹಳೇ 90ರಲ್ಲಿ ಅವು ಒಂದಕ್ಕೊಂದು ಅಡ್ಡವೇ. ಬದಲಿಸಲು ನಾಲ್ಕು ಪುಟ್ಟ ಸ್ಕ್ರೂ ಬಿಚ್ಚಬೇಕು, ಬಾಡಿಗೆ ಲೆನ್ಸಿಗೆ ಆ ಸಾಹಸ ಬೇಡ. ಎಷ್ಟು ಟಿಲ್ಟ್ ಹಾಕಿದ್ದಿರಿ ಎಂಬುದು ಫೈಲಿನಲ್ಲಿ ದಾಖಲಾಗುವುದಿಲ್ಲ, ಪ್ರತಿ ಸರಣಿಯ ಮೊದಲು ಲೆನ್ಸಿನ ಸ್ಕೇಲನ್ನು ಫೋನಿನಲ್ಲಿ ಒಂದು ಕ್ಲಿಕ್ ಮಾಡಿಟ್ಟುಕೊಳ್ಳಿ. ಡಿಎಸ್ಎಲ್ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇರುವವರು ಇದನ್ನು ಓದುತ್ತಿದ್ದರೆ: ಮೀಟರಿಂಗನ್ನು (ಬೆಳಕಿನ ಅಳತೆ) ಟಿಲ್ಟ್, ಶಿಫ್ಟ್ ಎರಡೂ ಸೊನ್ನೆಯಲ್ಲಿದ್ದಾಗಲೇ ಮಾಡಿ, ಬಾಗಿಸಿದ ಮೇಲೆ ಮೀಟರ್ ಸುಳ್ಳು ಹೇಳುತ್ತದೆ. ಮಿರರ್‌ಲೆಸ್‌ನಲ್ಲಿ ಸೆನ್ಸರೇ ಅಳೆಯುವುದರಿಂದ ಆ ತೊಂದರೆ ಇಲ್ಲ.

ಹಳೇಗಾಜು:

ಕಡಿಮೆ ಖರ್ಚಿನ ದಾರಿಗೆ ನಾನು. ಹಳೇ ಮ್ಯಾನುಯಲ್ 50 ಮಿಮೀ ಲೆನ್ಸ್, ಕ್ಯಾಮೆರಾಕ್ಕೆ ಸಿಕ್ಕಿಸದೆ ಕೈಯಲ್ಲೇ ಮುಂದೆ ಹಿಡಿದು ಬಾಗಿಸುವುದು. ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆ ಆನ್ ಮಾಡಿ.

ಯಾವ ಲೆನ್ಸ್ ಎಂಬುದು ಮುಖ್ಯ. ಅಪರ್ಚರ್ ರಿಂಗ್ ಇರುವ ಹಳೇ ನಿಕಾನ್ 50 ಎಫ್/1.8 ಒಳ್ಳೆಯದು, ರಿಂಗನ್ನು 1.8ಕ್ಕಿಟ್ಟರೆ ತೆರೆದೇ ಇರುತ್ತದೆ. ನಿಕಾನ್ ಜಿ ಲೆನ್ಸ್ (ಅಪರ್ಚರ್ ರಿಂಗ್ ಇಲ್ಲದ್ದು) ಬಿಚ್ಚಿದ ಕೂಡಲೇ ಅಪರ್ಚರ್ ಪೂರ್ತಿ ಮುಚ್ಚಿಕೊಳ್ಳುತ್ತದೆ, ಹಿಂದಿನ ಲಿವರಿಗೆ ಮಡಚಿದ ಕಾಗದ ಸಿಕ್ಕಿಸಿ ತೆರೆದಿಡಬೇಕು. ಕ್ಯಾನನ್ 50 ಎಸ್‌ಟಿಎಂ ತೆರೆದಿರುತ್ತದೆ, ಆದರೆ ಕರೆಂಟ್ ಇಲ್ಲದೆ ಅದರ ಫೋಕಸ್ ರಿಂಗ್ ಕೆಲಸ ಮಾಡುವುದಿಲ್ಲ.

ಡಿಎಸ್ಎಲ್ಆರ್‌ನಲ್ಲಿ ಇದು ಹತ್ತಿರದ ವಸ್ತುವಿಗೆ ಮಾತ್ರ: ಲೆನ್ಸ್ ಇನ್ಫಿನಿಟಿಯಲ್ಲಿದ್ದು 5 ಮಿಮೀ ಮುಂದೆ ಹಿಡಿದರೂ ಫೋಕಸ್ ಅರ್ಧ ಮೀಟರಿಗೆ ಬಂದುಬಿಡುತ್ತದೆ. ಮಿರರ್‌ಲೆಸ್‌ನಲ್ಲಿ ಜಾಗ ಹೆಚ್ಚು. ಇಎಫ್ ಲೆನ್ಸ್ (ಕ್ಯಾನನ್ ಡಿಎಸ್ಎಲ್ಆರ್‌ನದು) ಸೆನ್ಸರಿನಿಂದ 44 ಮಿಮೀ ದೂರಕ್ಕೆ ಮಾಡಿದ್ದು, ಆರ್‌ಎಫ್ ಮೌಂಟ್ 20ರಲ್ಲೇ ಇದೆ. ಉಳಿದ 24 ಮಿಮೀ ಸಂದಿನಲ್ಲಿ ಬೇಕಾದಂತೆ ಬಾಗಿಸಬಹುದು, ಇನ್ಫಿನಿಟಿಯೂ ಸಿಗುತ್ತದೆ. ಸಂದಿನಿಂದ ಬೆಳಕು ನುಗ್ಗಿ ಚಿತ್ರ ಬಿಳಚುತ್ತದೆ, ಕಪ್ಪು ಬಟ್ಟೆಯ ತೋಳೊಂದನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ. ಎಳೆ ಬಿಡುವ ಹತ್ತಿ ಬಟ್ಟೆ ಬೇಡ, ಎಲ್ಲವೂ ಸೆನ್ಸರ್ ಮೇಲೇ ಹೋಗುತ್ತದೆ.

50 ಮಿಮೀ ಲೆನ್ಸನ್ನು 8 ಡಿಗ್ರಿ ಬಾಗಿಸಿದರೆ ಅದರ ಬೆಳಕಿನ ವೃತ್ತ 7 ಮಿಮೀ ಸರಿಯುತ್ತದೆ. ಫುಲ್ ಫ್ರೇಮಿನಲ್ಲಿ ಒಂದು ಅಂಚು ಕಪ್ಪಾಗುವುದು ಅದಕ್ಕೆ. ಬಾಡಿಯನ್ನು ಕ್ರಾಪ್ ಮೋಡಿಗೆ (ಸೆನ್ಸರಿನ ನಡುಭಾಗವನ್ನಷ್ಟೇ ಬಳಸುವ ಆಯ್ಕೆ) ಹಾಕಿ, ಅಲ್ಲಿ ಮೇಲೆ ಕೆಳಗೆ 10 ಮಿಮೀವರೆಗೆ ಅವಕಾಶವಿದೆ. ಕೈ ನಡುಗುವುದು ಬೇಡ ಎನ್ನುವವರಿಗೆ ಸುಮಾರು 8 ಡಿಗ್ರಿ ಬಾಗುವ ಟಿಲ್ಟ್ ಅಡಾಪ್ಟರುಗಳು ಸಿಗುತ್ತವೆ. ಲಾಕ್ ಸಡಿಲವಾಗಿದ್ದರೆ ಭಾರದ ಲೆನ್ಸ್ ತಾನೇ ಬಗ್ಗುತ್ತದೆ, ಕೊಳ್ಳುವ ಮೊದಲು ಅದೊಂದನ್ನು ನೋಡಿ.

ಓರೆಗಾಜು:

ಹಳೇಗಾಜು ಹೇಳಿದ್ದಕ್ಕೆ ಒಂದು ಸೇರಿಕೆ: ಬಾಡಿಯೊಳಗಿನ ಸ್ಟೆಬಿಲೈಸೇಶನ್‌ಗೆ (ನಡುಕ ತಡೆಯುವ ವ್ಯವಸ್ಥೆ) ಫೋಕಲ್ ಲೆಂತ್ ಕೈಯಾರೆ 50 ಎಂದು ತುಂಬಿ, ಇಲ್ಲವೇ ಆಫ್ ಮಾಡಿ.

ಕಪ್ಪುಪೆಟ್ಟಿಗೆಯವರೇ, ಮುರುಡೇಶ್ವರಕ್ಕೆ ಹೋದರೆ ಒಂದು ಫೋಟೋಕ್ಕೆ ನಿಲ್ಲಿಸಬೇಡಿ, ಸೆಕೆಂಡಿಗೊಂದರಂತೆ 250 ತೆಗೆಯಿರಿ. ನಾಲ್ಕು ನಿಮಿಷ ಹತ್ತು ಸೆಕೆಂಡ್ ಹಿಡಿಯುತ್ತದೆ, 25 ಫ್ರೇಮಿನ ವೇಗದಲ್ಲಿ 10 ಸೆಕೆಂಡಿನ ವಿಡಿಯೋ. ಜನ, ದೋಣಿ ಎಲ್ಲ ಕೀಲಿ ಕೊಟ್ಟ ಗೊಂಬೆಯಂತೆ ಕುಪ್ಪಳಿಸುತ್ತವೆ, ಆಟಿಕೆಯ ಭ್ರಮೆಗೆ ಮಸುಕಿಗಿಂತ ಹೆಚ್ಚು ಬಲ ಕೊಡುವುದು ಆ ನಡಿಗೆಯೇ. ಇಲ್ಲಿ ಶಟರ್ ನಿಧಾನ ಮಾಡಬೇಡಿ. ಬಿಸಿಲಲ್ಲಿ ಎಫ್/2.8, ಐಎಸ್ಒ 100ಕ್ಕೆ ಸುಮಾರು 1/3200 ಬರುತ್ತದೆ, ಹಾಗೇ ಇರಲಿ. ಚಲನೆಯ ಮಸುಕು ಬಂದರೆ ಕುಪ್ಪಳಿಕೆ ಹೋಗುತ್ತದೆ. ಅಪರ್ಚರ್ ಪೂರ್ತಿ ತೆರೆದಿದ್ದಾಗ ಬ್ಲೇಡುಗಳು ಪ್ರತಿ ಸಲ ಮುಚ್ಚಿ ತೆರೆಯುವುದಿಲ್ಲ, ಹಾಗಾಗಿ ಫ್ರೇಮಿನಿಂದ ಫ್ರೇಮಿಗೆ ಬೆಳಕು ಮಿಣುಕುವ ತೊಂದರೆಯೂ ಇರುವುದಿಲ್ಲ. ಕಿಂಡಿಯಲ್ಲಿ ಗಾಳಿ ಜೋರು, ಟಿಲ್ಟ್ ಲಾಕ್ ತಿರುಪನ್ನು ಶುರುವಿಗೆ ಮುಂಚೆ ಬಿಗಿ ಮಾಡಿ. ನಡುವೆ ಟಿಲ್ಟ್ ಜಾರಿದರೆ ಪಟ್ಟಿ ದೋಣಿ ಬಿಟ್ಟು ಮರಳಿಗೆ ಹೋಗಿರುತ್ತದೆ.